ಕಾಯಿನೀರು ಕುಡಿದ ಸ್ಟಾರ್ಟರ್

ನಾನು ಒಂದು ಸ್ಟಾರ್ಟರ್. ಕಾರಿನ ಬಾನೆಟ್ಟಿನ ಕೆಳಗೆ, ಎಂಜಿನ್ನಿನ ಮಗ್ಗುಲಲ್ಲಿ, ಯಾರ ಕಣ್ಣಿಗೂ ಬೀಳದೆ ಕುಳಿತವನು. ಕೀಲಿ ತಿರುಗಿದಾಗ ಎಂಜಿನ್ನನ್ನು ಎಬ್ಬಿಸುವುದು ನನ್ನ ಕಾಯಕ. ಎರಡು ಉಸಿರಿನಷ್ಟು ಹೊತ್ತಿನ ಕೆಲಸ. ಬೆಳಗಿನ ಜಾವ ಗುಡಿಯಲ್ಲಿ ದೇವರನ್ನು ಎಬ್ಬಿಸುವ ಪೂಜಾರಿ ಆಮೇಲೆ ಬದಿಗೆ ಸರಿದು ನಿಲ್ಲುತ್ತಾನಲ್ಲ, ಹಾಗೆ ನಾನೂ ಸರಿದುಬಿಡುತ್ತೇನೆ. ಊರೂರು ಸುತ್ತಿದ ಹೆಸರು ಚಕ್ರಗಳಿಗೆ. ಇರಲಿ. ಎದ್ದರಲ್ಲವೇ ಸುತ್ತುವುದು.

ನನ್ನ ತವರು ಒಂದು ಕಾರ್ಖಾನೆ. ಅಲ್ಲಿ ಒಬ್ಬ ಹೆಣ್ಣುಮಗಳು ಜಡೆ ಹೆಣೆದಷ್ಟು ನಿಗಾ ಇಟ್ಟು ತಾಮ್ರದ ತಂತಿಯನ್ನು ನನ್ನೊಳಗೆ ಸುತ್ತಿದಳು. ಅಲ್ಲಿಂದ ಒಂದು ಪುಟ್ಟ ಕೆಂಪು ಕಾರು ಸೇರಿದೆ. ಮೊದಲ ಒಡೆಯರು ಹುಬ್ಬಳ್ಳಿಯ ವಕೀಲರು. ಹನ್ನೊಂದು ವರ್ಷ ಅವರನ್ನು ಹೊತ್ತಿಗೆ ಸರಿಯಾಗಿ ಕೋರ್ಟಿಗೆ ಮುಟ್ಟಿಸಿದೆ. ತೀರ್ಪು ತಡವಾದದ್ದು ನನ್ನಿಂದಲ್ಲ.

ಆಮೇಲೆ ಬೆಟಗೇರಿಯ ಟೇಲರ್ ನೀಲಕಂಠಪ್ಪ ನಮ್ಮ ಕಾರನ್ನು ಕೊಂಡ. ಮೆರೆಯಲಿಕ್ಕಲ್ಲ. ಅವನ ಹೆಂಡತಿ ಕಾಶವ್ವನ ಕಿಡ್ನಿ ಕೆಟ್ಟಿದ್ದವು. ವಾರಕ್ಕೆರಡು ದಿನ, ಬೆಳಿಗ್ಗೆ ಏಳಕ್ಕೆ, ಅವಳು ಡಯಾಲಿಸಿಸ್‌ಗೆ ಆಸ್ಪತ್ರೆಯಲ್ಲಿರಬೇಕು. ಬಸ್ಸಿನ ನೂಕುನುಗ್ಗಲು ಅವಳಿಗೆ ತಡೆಯುತ್ತಿರಲಿಲ್ಲ. ಹೀಗೆ ಒಂದು ಜೀವ ನನ್ನ ಎರಡು ಉಸಿರಿನ ಮೇಲೆ ನಿಂತಿತು. ಆ ಭಾರ ನನಗೆ ಹೂವಿನ ಹಾರದಂತಿತ್ತು.

ಆ ವರ್ಷ ದಸರೆಯಲ್ಲಿ, ಆಯುಧಗಳ ಖಂಡೇ ಪೂಜೆಯ ದಿನ, ನೀಲಕಂಠಪ್ಪ ಹೊಲಿಗೆ ಯಂತ್ರಕ್ಕೂ ಕತ್ತರಿಗೂ ವಿಭೂತಿ ಹಚ್ಚಿ, ಕಾರಿನ ಬಾನೆಟ್ ಎತ್ತಿದ.

"ಸ್ಟೇರಿಂಗ್‌ಗೆ ಎಲ್ಲಾರೂ ಹೂವು ಹಾಕ್ತಾರ. ಮೊದಲು ಏಳಾಂವ ಇವ. ಮೊದಲ ಪೂಜಿ ಇವಗ" ಎಂದು ಬಗ್ಗಿ, ಕಾಯಿ ಒಡೆದು, ಅಷ್ಟೂ ನೀರನ್ನು ನನ್ನ ನೆತ್ತಿಯ ಮೇಲೆ ಸುರಿದ.

ಹನ್ನೊಂದು ವರ್ಷದಲ್ಲಿ ನನ್ನನ್ನು ಹುಡುಕಿಕೊಂಡು ಬಂದ ಮೊದಲ ಪೂಜೆ ಅದು. ನಾನು ಕಣ್ಮುಚ್ಚಿ ಕುಡಿದೆ. ಪೂಜೆಯಾದ ಮೇಲೆ ಬನ್ನಿ ಹಂಚುವ ತನಕ ಆಯುಧ ಮುಟ್ಟಬಾರದಲ್ಲ, ಕಾರೂ ನಿಂತಲ್ಲೇ ನಿಂತಿತು. ಸಿಹಿನೀರು ಒಳಗೊಳಗೇ ಬೆಲ್ಲದ ಪಾಕದಂತೆ ಅಂಟಾಯಿತು.

ಬನ್ನಿಯ ಮರುದಿನ ಕಾಶವ್ವನ ಸರದಿ. ಕೀಲಿ ತಿರುಗಿತು. ನಾನು 'ಟಕ್' ಎಂದೆ, ಅಷ್ಟೇ. ಮತ್ತೆ ತಿರುಗಿತು. ಮತ್ತೆ 'ಟಕ್'.

ಓಣಿಯವರೆಲ್ಲ ಸೇರಿ ಕಾರು ತಳ್ಳಿದರು. ಹಿಂದಿನ ಸೀಟಿನಿಂದ ಕಾಶವ್ವ, "ಮದುವಿ ಮೆರವಣಿಗ್ಯಾಗೂ ನನ್ನ ಹಿಂದ ಇಷ್ಟು ಮಂದಿ ಇರಲಿಲ್ಲ ನೋಡ್ರಿ" ಎಂದಳು. ಎಲ್ಲರೂ ನಕ್ಕರು. ತಳ್ಳಿದ ಓಟಕ್ಕೆ ಎಂಜಿನ್ ನನ್ನ ಹಂಗಿಲ್ಲದೆ ಎದ್ದಿತು. ನಾನೊಬ್ಬ ನಾಚಿ ಕುಳಿತಿದ್ದೆ.

ಆಸ್ಪತ್ರೆಯಿಂದ ಬರುವ ದಾರಿಯಲ್ಲೇ ಮೆಕ್ಯಾನಿಕ್ ಮೌಲಾಸಾಬನ ಗ್ಯಾರೇಜು. ಅವನು ನನ್ನನ್ನು ಬಿಚ್ಚಿ, ಮೂಸಿ ನೋಡಿದ.

"ನೀಲಕಂಠಣ್ಣಾ, ಇದಕ್ಕೇನು ಕುಡಿಸಿದಿ?"

"ಕಾಯಿನೀರು."

"ಪೂಜಿ ಮಾಡಿದ್ಯೋ, ಅಭಿಷೇಕ ಮಾಡಿದ್ಯೋ?" ಮೌಲಾಸಾಬ ನಗಲಿಲ್ಲ. "ಹೊಸಾದು ಏಳೂವರಿ ಸಾವಿರ. ಗುಜರಿ ಮಾಲು ಎರಡೂವರಿಗೆ ಸಿಗತೈತಿ, ಆದ್ರ ಯಾವಾಗ ಕೈ ಕೊಡತೈತೋ ಗೊತ್ತಿಲ್ಲ. ಇದನ್ನ ತೊಳದು, ಹೊಸಾ ಕಾರ್ಬನ್ ಬ್ರಷ್ ಹಾಕಿದ್ರ ಸಾವಿರದ ನಾಕನೂರು. ಆದ್ರ ಹಳೇ ಗಾಡಿ, ಹಳೇ ಸಾಮಾನು. ಅಕ್ಕನ ಜೀವದ ಮಾತು ಐತಿ. ನೀನ ಹೇಳು."

ನೀಲಕಂಠಪ್ಪ ತಲೆ ತಗ್ಗಿಸಿದ. "ತಪ್ಪು ನಂದು. ಹೊಸಾದ ಹಾಕು. ಯಂತ್ರ ಒತ್ತಿ ಇಡ್ತೀನಿ."

ಹೊಲಿಗೆ ಯಂತ್ರ ಹೋದರೆ ಅನ್ನವೇ ಹೋದಂತೆ. ಬಾಕಿನ ಮೇಲೆ ದಣಿದು ಒರಗಿದ್ದ ಕಾಶವ್ವ ಕಣ್ಣು ತೆರೆದಳು.

"ಏನ್ರಿ, ನಾ ಕೆಟ್ಟೆ ಅಂತ ಹೊಸಾಕಿನ್ನ ತಂದ್ರೇನು? ವಾರಕ್ಕ ಎರಡು ಸಲ ತೊಳಿಸ್ಕೊಂಡು ಬಂದು ನಿಮಗ ರೊಟ್ಟಿ ಬಡೀತೀನಿಲ್ಲೋ? ತಮ್ಮಾ ಮೌಲಾಸಾಬ, ಅದನ್ನೂ ತೊಳಿ."

ಮೌಲಾಸಾಬ 'ಬಿಸ್ಮಿಲ್ಲಾ' ಎಂದು ಕೂತ. ಪೆಟ್ರೋಲಿನಲ್ಲಿ ಅದ್ದಿ ತೊಳೆದ, ಮರಳು ಕಾಗದದಿಂದ ತಾಮ್ರ ಉಜ್ಜಿದ, ಕಾರ್ಬನ್ ಕೂರಿಸಿದ. ಕೀಲಿ ತಿರುಗಿತು. ನಾನು ಒಂದೇ ಏಟಿಗೆ ಎಂಜಿನ್ನನ್ನು ಎಬ್ಬಿಸಿದೆ.

ಅದಾದ ಮೇಲೆ ಆರು ವರ್ಷ. ಚಳಿಯಿರಲಿ, ಮಳೆಯಿರಲಿ, ವಾರಕ್ಕೆರಡು ಬೆಳಗು. ಒಮ್ಮೆಯೂ ಎರಡನೆಯ ಸಲ ಕೀಲಿ ತಿರುಗಿಸುವ ಪ್ರಸಂಗ ಬರಲಿಲ್ಲ. ಸಾವಿರದ ನಾನೂರರ ಋಣವನ್ನು ಹೀಗೆ ತೀರಿಸಿದೆನೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಕೊನೆಗೆ ಕಾರಿನ ತಳವೇ ತುಕ್ಕು ತಿಂದು ಗುಜರಿಗೆ ಹೋಯಿತು. ಕಾಶವ್ವ ನನ್ನೊಬ್ಬನನ್ನು ಬಿಚ್ಚಿಸಿಕೊಂಡಳು. ಈಗ ಹೊಲಿಗೆ ಯಂತ್ರದ ಪಕ್ಕದ ಗೂಡಿನಲ್ಲಿದ್ದೇನೆ. ಅವಳನ್ನು ಆಸ್ಪತ್ರೆಗೆ ಕರೆದೊಯ್ಯುವ ಬೇರೆ ಕಾರು ಬಾಗಿಲಲ್ಲಿದೆ. ಅದರೊಳಗಿನ ನನ್ನ ಕುಲದವನ ದನಿ ಬೆಳಿಗ್ಗೆ ಕೇಳಿದಾಗ ಮನಸ್ಸಿನಲ್ಲೇ ಹರಸುತ್ತೇನೆ.

ಪ್ರತಿ ಖಂಡೇ ಪೂಜೆಗೆ ನನಗೂ ವಿಭೂತಿ, ಒಂದು ಚೆಂಡುಹೂವು. ನೀಲಕಂಠಪ್ಪ ಕಾಯಿ ಒಡೆಯುವಾಗ ಕಾಶವ್ವ ನನ್ನ ಮೇಲೆ ಅಂಗೈ ಅಡ್ಡ ಹಿಡಿಯುತ್ತಾಳೆ. ರಕ್ತ ತೊಳೆಯಲೆಂದು ಡಾಕ್ಟರು ಆ ಕೈಯ ನರ ಕೂಡಿಸಿದ್ದಾರೆ. ರಕ್ತ ರಭಸವಾಗಿ ಹರಿಯುವ ಆ ಜಾಗ ಸದಾ ಸಣ್ಣಗೆ ಗುಂಯ್‌ಗುಡುತ್ತದೆ. ಎದ್ದ ಎಂಜಿನ್ನಿನ ದನಿ ನನಗೆ ಗೊತ್ತಿಲ್ಲವೇ? ಕಿವಿಗೊಟ್ಟು ಕೇಳುತ್ತೇನೆ. ಓಡುತ್ತಿದೆ.