ಸೊಟ್ಟಗಾಲಿನ ಮರಿ

“ಹೆಣ ಇನ್ನಾ ಗ್ವಾಡಿಗಿ ಕುಂತದ, ನೀ ಕುದುರಿ ಬಾಯಾಗ ಕೈ ಹಾಕಲತ್ತೀ? ತೆಗಿ ಕೈ! ತೆಗೀತಿಯೋ ಇಲ್ಲೋ?”

ಗುಂಡಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೂಗಿದ್ದು ಅಂಗಳದಲ್ಲಿ ಕೂತವರಿಗೆಲ್ಲ ಕೇಳಿಸಿತು. ಒಳಗಿನ ಕತ್ತಲಲ್ಲಿ ಗುರುನಾಥ ಕುದುರೆಮರಿಯ ತುಟಿ ಎತ್ತಿ ಹಲ್ಲು ನೋಡುತ್ತಿದ್ದ. ಸತ್ತ ಬಕ್ಕಪ್ಪನ ಅಣ್ಣನ ಮಗ ಅವನು. ಗುಂಡಮ್ಮ ಬಕ್ಕಪ್ಪನ ಒಬ್ಬಳೇ ಮಗಳು. ಗಂಡ ಸತ್ತ ಮೇಲೆ ತಿರುಗಿ ಬಂದವಳು ತಂದೆಯ ಮನೆಯಲ್ಲೇ ಉಳಿದಿದ್ದಳು.

“ಬಾಯಿ ಸಣ್ಣ ಮಾಡು ಅಕ್ಕ. ಹಲ್ಲು ನೋಡಿದ್ರ ಕುದುರಿ ಸಾಯ್ತದೇನು? ಕಾಕಾ ಜಲ್ಮಪೂರ್ತಿ ಇದೇ ಮಾಡ್ಯಾನ.”

“ಯಾರ ಮನಿ ಹೆಣದ ಮುಂದೂ ಮಾಡಿಲ್ಲ ಅಂವ.”

“ಹೆಗಲು ಕೊಡಾಂವ ನಾ. ಮಣ್ಣು ಹಾಕಾಂವ ನಾ. ಗಂಡುಮಗ ಇಲ್ಲದ ಮನಿ ಇದು, ಎಲ್ಲಾ ನನ್ನ ಪಾಲಿಗೇ ಬರ್ತದ. ಬರೋದು ಏನದ ಅಂತ ನೋಡಬಾರದೇನು?”

“ಮನಿ ತಗೋ. ಹೊಲ ತಗೋ. ನಾ ಬ್ಯಾಡ ಅಂದೀನೇನು? ಈ ಕುದುರಿ ಒಂದು ಬಿಡು. ಅದಕ್ಕ ಮೇವು ಹಾಕಿದಾಕಿ ನಾ, ನೀರು ಕುಡಿಸಿದಾಕಿ ನಾ.”

ಗುರುನಾಥ ಧೋತರಕ್ಕೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಅಂಗಳದ ನಡುವೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದ.

“ಕೇಳ್ರಿ ಎಲ್ಲಾರೂ. ಹಾಲುಹಲ್ಲು ಇನ್ನಾ ಬಿದ್ದಿಲ್ಲ, ಟಾಂಗಾಕ್ಕ ಕಟ್ಟಲಕ ಬರಂಗಿಲ್ಲ. ಸೊಟ್ಟಗಾಲು, ಏರಲಕ ಬರಂಗಿಲ್ಲ. ನಂಗೇನು ಬ್ಯಾಡ ಇದು, ಗುಂಡಕ್ಕನೇ ಇಟ್ಕೋಲಿ. ಕಡೀಗಿ ಕಾಕಾಂದು ಕಣ್ಣು ಹೋಗಿತ್ತು. ಇಲ್ಲಂದ್ರ ಮಾಳೇಗಾವದ ಕುದುರಿ ಜಾತ್ರ್ಯಾಗಿಂದ ಇಂಥಾದು ಹಿಡ್ಕೊಂಡು ಬರ್ತಿದ್ದನೇನು?”

ನಾಲ್ಕು ಜನ ನಕ್ಕರು. ಹೆಣದ ಮುಂದೆ ನಗಬಾರದೆಂದು ನೆನಪಾಗಿ ಕೆಮ್ಮಿದರು.

ಬಕ್ಕಪ್ಪ ಪಡಸಾಲೆಯಲ್ಲಿ ಗೋಡೆಗೆ ಆನಿಸಿಕೊಂಡು ಕೂತಿದ್ದ. ಲಿಂಗವಂತರ ಪದ್ಧತಿಯಂತೆ ಕಾಲು ಮಡಚಿ ಕೂರಿಸಿ, ಬೀಳದಂತೆ ಎದೆಗೆ ಒಂದು ಪಂಚೆ ಕಟ್ಟಿದ್ದರು. ಹಣೆಯ ತುಂಬ ವಿಭೂತಿ. ತನ್ನೂರು ಭಾತಂಬ್ರಾದಲ್ಲಾಗಲಿ, ಭಾಲ್ಕಿ, ಔರಾದದಲ್ಲಾಗಲಿ ಎಳೆ ಕುದುರೆ ಕೊಳ್ಳುವವರು ಮೊದಲು ಇವನನ್ನು ಕರೆದುಕೊಂಡು ಹೋಗುತ್ತಿದ್ದರು. ಮರಿ ಮುಂದೆ ಸವಾರಿಗೆ ಆಗುತ್ತದೋ, ಬೀದರದ ಪ್ರದರ್ಶನದಲ್ಲಿ ನಿಲ್ಲಿಸಲು ಆಗುತ್ತದೋ, ಗಾಡಿಗೇ ಸೈಯೋ, ಇವನು ಹೇಳಬೇಕು. ಬೇರೆಯವರು ಮೈಮೇಲಿನ ಸುಳಿ ಎಣಿಸುತ್ತಿದ್ದರು. ಇವನು ದೂರ ನಿಂತು, “ಅತ್ತಾಗ ನಡಸ್ರಿ. ಈಗ ನೆಟ್ಟಗ ನನ್ನ ಮ್ಯಾಗ ನಡಸ್ಕೊಂಡು ಬರ್ರಿ,” ಎನ್ನುತ್ತಿದ್ದ. ಬೇರೆ ಹೆಚ್ಚು ಮಾತಿರಲಿಲ್ಲ.

“ಪಾಟೀಲರ ಕುದುರಿಗೂ ಚಲೋ ಅದ ಅಂದಿದ್ದ,” ಎಂದಳು ನೆರೆಮನೆಯ ಸಖುಬಾಯಿ. “ಆರು ತಿಂಗಳಿಗೇ ಸತ್ತು ಹೋಯ್ತು.”

“ಅದಕ್ಕ ಹಾವು ಕಡಿದಿತ್ತಲ್ಲಬೇ,” ಎಂದ ಒಬ್ಬ ಮುದುಕ.

“ಏನೇ ಇರ್ಲಿ. ಸತ್ತದ್ದು ಹೌದಲ್ಲ?”

ಅಲ್ಲಿಂದ ಮಾತು ಬೆಳೆಯಿತು. ಅವರಿಗೆ ಕೊಡಿಸಿದ ಕುದುರೆ ಒದೆಯುತ್ತಿತ್ತು, ಇವರಿಗೆ ಬೇಡ ಎಂದದ್ದೇ ಚೆನ್ನಾಗಿ ಓಡಿತು. ನಿನ್ನೆಯವರೆಗೆ ಯಾರೂ ಆಡದ ಮಾತು. ಗುಂಡಮ್ಮ ಕೊಟ್ಟಿಗೆಯ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

*

ಬಕ್ಕಪ್ಪ ಆ ಹೆಣ್ಣುಮರಿಯನ್ನು ತಂದದ್ದು ಹೋದ ವರ್ಷದ ಹಿಂದಿನ ಚಳಿಗಾಲದಲ್ಲಿ. ಆಯುಷ್ಯವೆಲ್ಲ ಊರವರಿಗೆ ಕುದುರೆ ನೋಡಿಕೊಟ್ಟವನು ತನಗೆಂದು ಕೊಂಡದ್ದು ಅದೊಂದೇ. ಊರಬಾಗಿಲ ಅಗಸಿಯಲ್ಲಿ ಜನ ನೆರೆದಿದ್ದರು. ಮರಿಯ ಎದೆ ಇಷ್ಟೇ ಇಷ್ಟು. ಮುಂಗಾಲು ಎರಡೂ ಹೊರಕ್ಕೆ ತಿರುಗಿದ್ದವು, ಒಂದು ಭಾಲ್ಕಿಗೆ, ಇನ್ನೊಂದು ಔರಾದಕ್ಕೆ ಹೊರಟ ಹಾಗೆ.

“ಬಕ್ಕಪ್ಪ ಮಾವ, ಯಾವ ಊರಿಗಿ ಹೋಗ್ತದ ಇದು?” ಎಂದು ಹುಡುಗರು ಕೂಗಿದರು. ಬಕ್ಕಪ್ಪ ತಾನೂ ನಕ್ಕ.

ಮನೆಯಲ್ಲಿ ಗುಂಡಮ್ಮ ಕೇಳಿದಳು. “ಯಾಕ ತಂದೆಪ್ಪಾ ಇದನ್ನ? ಸೊಟ್ಟಗಾಲು ಕಾಣಲಿಲ್ಲೇನು?”

“ಕಂಡಾವ.”

“ಮತ್ತ?”

“ನೋಡಮು.”

ಅಷ್ಟೇ ಅವನ ಉತ್ತರ. ಮರಿಯನ್ನು ಊರಲ್ಲಿ ಕಟ್ಟದೆ ಹೊಲದ ಕೊಟ್ಟಿಗೆಯಲ್ಲಿ ಕಟ್ಟಿದ. ಬೆಳಗ್ಗೆ ಅದರ ಎದುರು ಕುಕ್ಕರಗಾಲಲ್ಲಿ ಕೂತರೆ ರೊಟ್ಟಿ ತಣ್ಣಗಾಗುವವರೆಗೆ ಏಳುತ್ತಿರಲಿಲ್ಲ. ಎರಡು ಮುಂಗಾಲುಗಳ ನಡುವಿನ ಜಾಗಕ್ಕೆ ಅಂಗೈ ಇಟ್ಟು ನೋಡುತ್ತಿದ್ದ. ಮೊದಲು ಅಂಗೈ ಹಿಡಿಸುತ್ತಿರಲಿಲ್ಲ. ಮಳೆಗಾಲ ದಾಟಿದ ಮೇಲೆ ಹಿಡಿಸಿತು. ಒಂದು ದಿನ ಗುಂಡಮ್ಮ ನೀರಿಗೆ ಕರೆದುಕೊಂಡು ಹೋಗುವಾಗ ನೋಡುತ್ತಾಳೆ, ಕಾಲು ನೆಟ್ಟಗೆ ಬೀಳುತ್ತಿವೆ. ಓಡಿ ಬಂದು ತಂದೆಗೆ ಹೇಳಿದಳು. ಅವನು ನಕ್ಕು ತಂಬಾಕು ತಿಕ್ಕಿದ. ತಂದೆ ಇದನ್ನು ಮೊದಲೇ ಕಂಡಿದ್ದನೋ, ದೈವ ಕೈಹಿಡಿಯಿತೋ, ಅವಳಿಗೆ ತಿಳಿಯಲಿಲ್ಲ. ಹೋದ ವಾರ ಅವನಿಗೆ ಜ್ವರ ಬಂದಾಗ ಮರಿಯನ್ನು ರಾತ್ರಿ ಮನೆಗೆ ತಂದು ಕತ್ತಲಕೊಟ್ಟಿಗೆಯಲ್ಲಿ ಕಟ್ಟಿದಳು. ಕಾಲಿನ ಸಂಗತಿ ತಂದೆಯನ್ನು ಕೇಳಬೇಕು ಅಂದುಕೊಂಡೇ ದಿನ ಕಳೆದವು.

*

ಹೊತ್ತು ನೆತ್ತಿಗೆ ಬಂದಾಗ ಔರಾದದಿಂದ ಮುಜೀಬೋದ್ದೀನ ಬಂದ. ಕುದುರೆಗೂ ಎತ್ತಿಗೂ ಲಾಳ ಹೊಡೆಯುವವನು, ಬಕ್ಕಪ್ಪನ ಹಳೆಯ ಜೊತೆಗಾರ. ಬಸ್ಸಿನಲ್ಲಿ ಭಾಲ್ಕಿಗೆ ಬಂದು, ಅಲ್ಲಿಂದ ಬಿಸಿಲಲ್ಲಿ ನಡೆದಿದ್ದ. ಗಿಡ್ಡ ಆಳು, ಬೆನ್ನು ಬಾಗಿತ್ತು. ಚಪ್ಪಲಿ ಬಿಟ್ಟು ಬಕ್ಕಪ್ಪನ ಎದುರು ಹೋಗಿ ನಿಂತ.

“ನಾ ಬರೋತನಕ ನಿಲ್ಲಬಾರದಾಗಿತ್ತೇನೋ ದೋಸ್ತ,” ಎಂದ.

ಗುಂಡಮ್ಮ ನೀರು ಕೊಟ್ಟಳು. ನೀರು ಕುಡಿದವನನ್ನು ನೇರ ಕೊಟ್ಟಿಗೆಗೆ ಕರೆದೊಯ್ದಳು. ಮುಜೀಬ ಬಗ್ಗಿ ಮರಿಯ ಮುಂಗಾಲನ್ನು ಮೇಲಿಂದ ಕೆಳಗೆ ಸವರಿದ. ಗೊರಸು ಎತ್ತಿ ನೋಡಿದ. ಮತ್ತೆ ಸವರಿದ.

“ಸೊಟ್ಟದ ಅಂತ ನಿಮ್ಮಪ್ಪ ಹೇಳಿ ಕಳಿಸಿದ್ದನಲ್ಲ ಬೇಟಿ?”

“ಆಗ ಸೊಟ್ಟ ಇತ್ತು ಚಾಚಾ. ಈಗ ನೀವೇ ನೋಡಲತ್ತೀರಿ. ಅಪ್ಪಗ ಇದು ಗೊತ್ತಿತ್ತೇನ್ರಿ? ಇಲ್ಲಾ ಸುಮ್ಮ ಹಂಗ ಆಯ್ತು?”

ಮುಜೀಬ ಮೇವಿನ ಗೋದಲಿಯ ಅಂಚಿಗೆ ಕೂತ. “ಗೊತ್ತಿತ್ತು. ಆದ್ರ ಖಾತ್ರಿ ಇರಲಿಲ್ಲ. ಅದಕ್ಕೇ ತಂದಾನ,” ಎಂದ. “ಅಮೀರ ಪಾಶಾ ಸಾಹೇಬರ ಮರಿ ಸುದ್ದಿ ನಿನಗ ಹೇಳಿಲ್ಲೇನು?”

*

ಪೋಲೀಸ್ ಆ್ಯಕ್ಷನ್‌ಗೆ ಒಂದು ವರ್ಷ ಮೊದಲಿನ ಮಾತು. ಔರಾದದ ಆಚೆ ಅಮೀರ ಪಾಶಾ ಎಂಬ ಶ್ರೀಮಂತನ ಕುದುರೆಲಾಯ ಇತ್ತು. ಅಲ್ಲಿ ಒಂದು ಗಂಡುಮರಿ ಹುಟ್ಟಿತು. ಅದನ್ನು ಬೀದರದ ಪ್ರದರ್ಶನದಲ್ಲಿ ನಿಲ್ಲಿಸಬೇಕು, ಆಮೇಲೆ ತಾನೇ ಏರಬೇಕು ಎಂದು ಅವನ ಆಸೆ. ಬಕ್ಕಪ್ಪನಿಗೆ ಕರೆ ಹೋಯಿತು.

ಬಕ್ಕಪ್ಪ ದೂರದಿಂದ ನೋಡಿದ. ತಲೆ ಚೆಂದ, ಕತ್ತು ಚೆಂದ. ಹೆಗಲು ಹಿಂದಕ್ಕೆ ಇಳಿಜಾರಾಗಿ ಹೋಗಿತ್ತು, ಅಂಥದ್ದು ಏರಿದವನನ್ನು ಕುಲುಕುವುದಿಲ್ಲ. ಬೆನ್ನು ಗಿಡ್ಡ. ಎಲ್ಲ ಸರಿ. ಆಮೇಲೆ ನೇರ ತನ್ನ ಕಡೆಗೆ ನಡೆಸಿಕೊಂಡು ಬನ್ನಿ ಎಂದ. ಗೊರಸು ಎರಡೂ ಹೊರಕ್ಕೆ ತಿರುಗಿದ್ದವು.

“ಆಗಂಗಿಲ್ರಿ ಸಾಹೇಬ. ಕಾಲು ಸೊಟ್ಟ. ಓಡಿದ್ರ ಕಾಲಿಗಿ ಕಾಲು ಬಡೀತದ.”

“ಪಕ್ಕಾ?”

“ಪಕ್ಕಾ ರೀ.”

ಅಮೀರ ಪಾಶಾ ಮರಿಯನ್ನು ಭಾಲ್ಕಿ ಸ್ಟೇಷನ್ನಿನ ಟಾಂಗಾದವನಿಗೆ ಕೊಟ್ಟುಬಿಟ್ಟ. ಮುಂದಿನ ಸೆಪ್ಟೆಂಬರಿನಲ್ಲಿ ನಿಜಾಮನನ್ನು ಇಳಿಸಲು ಭಾರತದ ಸೈನ್ಯ ಬಂತು. ಅಮೀರ ಪಾಶಾ ಮನೆಮಂದಿಯನ್ನು ಬಂಡಿಗೆ ಹತ್ತಿಸಿಕೊಂಡು ಹೈದರಾಬಾದಿಗೆ ಹೋದ. ಲಾಯದ ಬಾಗಿಲು ಹಾಕುವವರೂ ಇರಲಿಲ್ಲ. ಕುದುರೆಗಳು ಜೋಳದ ಹೊಲಗಳಲ್ಲಿ ತಿರುಗಿ, ಹಿಡಿದವರ ಪಾಲಾದವು. ಲಾಳದ ಕೆಲಸ ಹೋದ ಮುಜೀಬ ಗಲಾಟೆಗೆ ಹೆದರಿ ಎರಡು ತಿಂಗಳು ಬಕ್ಕಪ್ಪನ ಹೊಲದ ಕೊಟ್ಟಿಗೆಯಲ್ಲೇ ಅಡಗಿದ್ದ. ಯಾರೂ ಕೇಳಲಿಲ್ಲ, ಬಕ್ಕಪ್ಪನೂ ಹೇಳಲಿಲ್ಲ.

ಗಲಾಟೆ ತಣ್ಣಗಾಗಿ ಎರಡು ವರ್ಷ ಕಳೆದ ಮೇಲೆ ಒಂದು ದಿನ ಇಬ್ಬರೂ ಭಾಲ್ಕಿ ಸ್ಟೇಷನ್ನಿನಲ್ಲಿ ಇಳಿದರು. ಟಾಂಗಾಕ್ಕೆ ಅದೇ ಕುದುರೆ ಕಟ್ಟಿತ್ತು. ಬಾಯಿ ಹರಿದಿತ್ತು, ಹೆಗಲ ಮೇಲೆ ಹುಣ್ಣು. ಕಾಲು ಮಾತ್ರ ಎರಡು ಕಂಬ ನೆಟ್ಟ ಹಾಗೆ ನೆಟ್ಟಗಿದ್ದವು. ಬಕ್ಕಪ್ಪ ಅದರ ಮುಂದೆ ದಾರಿಯಲ್ಲೇ ಕೂತುಬಿಟ್ಟ. ಟಾಂಗಾದವನು ಬೈದರೂ ಏಳಲಿಲ್ಲ.

“ಗೊರಸು ಒಂದೇ ನೋಡ್ದೆ ಮುಜೀಬ,” ಎಂದ ಕಡೆಗೆ. “ಮೊಣಕಾಲು ನೋಡಲೇ ಇಲ್ಲ.”

*

“ಮೊಣಕಾಲು ನೆಟ್ಟಗಿದ್ದು ಗೊರಸು ಅಷ್ಟೇ ಹೊರಗ ಹೊಳ್ಳಿದ್ರ, ಅದು ಸಾಯೋತನಕ ಸೊಟ್ಟ,” ಎಂದ ಮುಜೀಬ. “ಮೊಣಕಾಲು, ಗೊರಸು ಎರಡೂ ಒಂದೇ ಕಡಿ ಹೊಳ್ಳಿದ್ರ ಅದು ಎದಿ ಸಣ್ಣದ ಇದ್ದದ್ದಕ್ಕ. ಎದಿ ತುಂಬಿದಂಗ ಕಾಲು ತಾವೇ ನೆಟ್ಟಗಾಗ್ತಾವ. ಹಂಗ ಅಂತ ಅವನ ಅಂದಾಜು. ಖರೇ ಏನು ಅಂತ ನೋಡಲಕ ಅಂಥಾದೇ ಒಂದು ಮರಿ ಹುಡುಕಲತ್ತಿದ್ದ. ಸಿಕ್ಕಿತ್ತು.”

ಗುಂಡಮ್ಮ ಮರಿಯ ಎದೆಗೆ ಕೈ ಇಟ್ಟಳು. ಅಂಗೈ ಆಚೆ ಈಚೆ ಜಾಗ ಉಳಿಯಿತು. ಹಗ್ಗ ಬಿಚ್ಚತೊಡಗಿದಳು.

ಮುಜೀಬ ಅವಳ ಕೈ ಹಿಡಿದ. “ತಡಿ. ಗುರುನಾಥ ಎಲ್ಲರ ಮುಂದ ಬ್ಯಾಡ ಅಂದಾನ ಅಂತ ಓಣ್ಯಾಗ ಕೇಳಿದೆ. ಸುಮ್ಮ ಕುಂತ್ರ ಕುದುರಿ ನಿಂದು. ಹೊರಗ ತಂದ್ರ ಅಂವ ಬಿಡಂಗಿಲ್ಲ.”

“ಸುಮ್ಮ ಕುಂತ್ರ ಅಪ್ಪ ಕಣ್ಣಿಲ್ಲದ ಕುಲ್ಡ ಆಗಿ ಮಣ್ಣಿಗಿ ಹೋಗ್ತಾನ.”

“ಸತ್ತಾಂವಗ ಏನು ತಿಳೀತದ ಬೇಟಿ?”

“ನಂಗ ತಿಳೀತದಲ್ಲ!” ಎಂದು ರೇಗಿ ಹಗ್ಗ ಜಗ್ಗಿದಳು.

ಅಂಗಳದಲ್ಲಿ ಮಾತು ನಿಂತಿತು. ಗುಂಡಮ್ಮ ಮರಿಯನ್ನು ಅಂಗಳದ ತಲೆಬಾಗಿಲವರೆಗೆ ನಡೆಸಿದಳು. ತಿರುಗಿಸಿ, ಪಡಸಾಲೆಯಲ್ಲಿ ಕೂತ ತಂದೆಯ ಕಡೆಗೆ ನೇರ ನಡೆಸಿಕೊಂಡು ಬಂದಳು. ಮರಿ ಕತ್ತು ಎತ್ತಿ, ಕಾಲು ಒಂದರ ಮುಂದೊಂದು ಇಡುತ್ತ ಬಂತು.

“ಎಲ್ಲಿ ಸೊಟ್ಟ ಅದ?” ಎಂದಳು. “ಸಖುಬಾಯಿ ಅವ್ವ, ಬಂದು ನೋಡ್ರಿ. ಯಾರ ಕಣ್ಣು ಹೋಗ್ಯಾವ ಹೇಳ್ರಿ!”

ಮುಜೀಬ ಎದೆಯ ಮಾತು, ಮೊಣಕಾಲಿನ ಮಾತು ಇನ್ನೊಮ್ಮೆ ಹೇಳಿದ. ಸಖುಬಾಯಿ ಬಗ್ಗಿ ನೋಡಿ, ಸೆರಗಿಂದ ಬಾಯಿ ಮುಚ್ಚಿಕೊಂಡು ಹಿಂದೆ ಸರಿದಳು. “ಏ ಬಕ್ಕಪ್ಪಾ, ಬಾಯಿ ಬಿಟ್ಟು ಒಂದು ಮಾತು ಹೇಳಿ ಸಾಯಬಾರದಿತ್ತೇನೋ,” ಎಂದಳು.

ಗುರುನಾಥ ಎದ್ದು ಬಂದ. ಮರಿಯ ಸುತ್ತ ಒಂದು ಸುತ್ತು ಹಾಕಿದ. ಬೆನ್ನ ಮೇಲೆ ಕೈ ಆಡಿಸಿದ.

“ಇದನ್ನ ಬೀದರಕ್ಕ ಒಯ್ತೇನಿ,” ಎಂದ.

“ಬ್ಯಾಡ ಅಂದೀಯಲ್ಲ? ಊರು ಕೇಳ್ಯದ.”

“ಸೊಟ್ಟ ಕುದುರಿ ಬ್ಯಾಡ ಅಂದೀನಿ. ಇದನ್ನಲ್ಲ.”

“ಇದೇ ಅದು!”

“ಇವತ್ತ ಹೆಗಲು ಕೊಡಾಂವ ನಾನು. ಹಗ್ಗ ಕೈಯಾಗ ಕೊಡು, ಹೆಣ ಎತ್ತಮು.”

“ಕೊಡಂಗಿಲ್ಲ.”

ಗುರುನಾಥ ಹೆಗಲ ಮೇಲಿನ ಟವೆಲ್ ಜಾಡಿಸಿದ. “ಹಂಗಾದ್ರ ಕುದುರಿಗೇ ಹೇಳು ಮಣ್ಣು ಹಾಕ್ಲಿ,” ಎಂದು ಓಣಿಗೆ ಇಳಿದ. ಹಿರಿಯರಿಬ್ಬರು ಹಿಂದೆ ಹೋಗಿ ಕೂಗಿದರು. ಅವನು ತಿರುಗಿ ನೋಡಲಿಲ್ಲ.

ಹೆಣವನ್ನು ಕೂರಿಸಿ ಹೊರುವ ವಿಮಾನ ಕಟ್ಟಿ ಮುಗಿದಿತ್ತು. ಬಕ್ಕಪ್ಪನನ್ನು ಅದರಲ್ಲಿ ಕೂರಿಸಿ ಹೂ ಹಾಕಿದರು. ಮೂರು ಮೂಲೆಗೆ ಜನ ನಿಂತರು. ಮನೆಯವರು ಹಿಡಿಯಬೇಕಾದ ಮುಂದಿನ ಎಡಮೂಲೆ ಖಾಲಿ ಇತ್ತು. ಗುರುನಾಥನ ಸಿಟ್ಟು ಇಳಿದೀತು ಎಂದು ಕಾದರು. ಬಿಸಿಲು ಅಂಗಳ ಬಿಟ್ಟು ಗೋಡೆ ಏರಿತು.

“ಕುದುರಿ ಮ್ಯಾಲೇ ಕೂಡ್ಸಿ ಒಯ್ಯಮು,” ಎಂದ ಹಾವಿನ ಮಾತು ಆಡಿದ್ದ ಮುದುಕ. “ಹ್ಯಾಂಗೂ ಕುಂತೇ ಇದ್ದಾನ.”

“ಇನ್ನಾ ಬೆನ್ನು ಬಲತಿಲ್ಲ,” ಎಂದಳು ಗುಂಡಮ್ಮ. “ಮೂರು ವರ್ಷ ತುಂಬೋತನಕ ಯಾರೂ ಏರಂಗಿಲ್ಲ. ಅಪ್ಪನೂ ಏರಂಗಿಲ್ಲ.”

ಕ್ರಿಯೆ ಮಾಡಿಸಲು ಬಂದಿದ್ದ ಸ್ವಾಮಿಗಳು ಸೂರ್ಯನನ್ನು ನೋಡಿದರು. “ಹೊತ್ತು ಮುಳುಗೋದ್ರಾಗ ಆಗಬೇಕ್ರಿ.”

ಮುಜೀಬೋದ್ದೀನ ಟೋಪಿ ಸರಿಮಾಡಿಕೊಂಡು ಖಾಲಿ ಮೂಲೆಗೆ ಹೋಗಿ ನಿಂತ. ಒಂದಿಬ್ಬರು ಸ್ವಾಮಿಗಳ ಮುಖ ನೋಡಿದರು. ಸ್ವಾಮಿಗಳು ಗಂಟೆ ಎತ್ತಿಕೊಂಡರು. ನಾಲ್ವರೂ ಎತ್ತಿದರು. ಮುಜೀಬ ಗಿಡ್ಡನಾದ್ದರಿಂದ ವಿಮಾನ ಆ ಕಡೆಗೆ ವಾಲಿತು. ಸಖುಬಾಯಿ ಓಡಿ ಹೋಗಿ ಒಂದು ಕಂಬಳಿ ತಂದು, ಮಡಚಿ ಅವನ ಹೆಗಲ ಮೇಲೆ ಇಟ್ಟಳು. ಆದರೂ ಸಾಲಲಿಲ್ಲ.

ಮೆರವಣಿಗೆ ಓಣಿಗೆ ಬಂತು. ಗುರುನಾಥ ಹೋದ ಕಡೆ ಒಂದು ಕೋಳಿ ಮಣ್ಣು ಕೆದರುತ್ತಿತ್ತು, ಬೇರೆ ಯಾರೂ ಇರಲಿಲ್ಲ. ಹೂವಿನ ನಡುವೆ ಬಕ್ಕಪ್ಪ ಮುಜೀಬನ ಕಡೆಗೆ ವಾಲಿಕೊಂಡು ಕೂತಿದ್ದ. ಅವನನ್ನು ಯಾರೂ ನೆಟ್ಟಗೆ ಮಾಡಲಿಲ್ಲ.