ಏಳು ಗಂಟೆಯ ಲಾಂಚು

"ಇನ್ನೂ ಸುತ್ತುತ್ತಾನೇ ಇದೆಯಾ ಅದು?" ಮೇಲಿನ ಚುಕ್ಕಾಣಿ ಕೋಣೆಯಿಂದ ಹಾರ್ನಣ್ಣ ಕೂಗಿದ.

ಟಿಕೆಟ್ ಅಕ್ಕ ಲ್ಯಾಪ್‌ಟಾಪಿನ ಗುಂಡಿಯನ್ನು ಇನ್ನೊಮ್ಮೆ ಒತ್ತಿದಳು. ಲಾಂಚು ಶಾಲೆ ಜೆಟ್ಟಿಗೆ ಬಂದು ನಿಂತು ಹನ್ನೊಂದು ನಿಮಿಷವಾಗಿತ್ತು. ಮಕ್ಕಳೆಲ್ಲ ಇಳಿದು ಶಾಲೆಯ ಗೇಟನ್ನೂ ದಾಟಿದ್ದರು. ಅವರು ಇಳಿದರೆಂದು ಹೇಳುವ ಪಟ್ಟಿ ಮಾತ್ರ ಇನ್ನೂ ಲಾಂಚಿನಲ್ಲೇ ಕೂತಿತ್ತು. ಲ್ಯಾಪ್‌ಟಾಪಿನ ಪರದೆಯ ನಡುವೆ ಬಿಳಿ ಚುಕ್ಕೆಗಳು ಒಂದರ ಹಿಂದೊಂದು ಗಾಣದೆತ್ತಿನ ಹಾಗೆ ಸುತ್ತುತ್ತಿದ್ದವು.

ನಾಲ್ಕು ತಿಂಗಳ ಹಿಂದೆ ಬಂದ ನಿಯಮ ಅದು. ಐದು ಜೆಟ್ಟಿಗಳಲ್ಲೂ ಯಾರು ಹತ್ತಿದರು, ಯಾರು ಇಳಿದರು ಎಂಬ ಪಟ್ಟಿ ಆಯಾ ಜೆಟ್ಟಿಯ ವೈಫೈ ಹಿಡಿದು ಮುಖ್ಯ ಕಚೇರಿಗೆ ಹೋಗಬೇಕು. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ 'ತಲುಪಿತು' ಎಂದು ಬರುವ ತನಕ ಹಗ್ಗ ಬಿಚ್ಚುವಂತಿಲ್ಲ; ಬಂದ ಮೇಲೆ ಯಾರನ್ನೂ ಹತ್ತಿಸುವಂತಿಲ್ಲ. ನಿಯಮ ಒಳ್ಳೆಯದೇ. ನದಿಯ ಮೇಲೆ ಹೋಗುವವರ ಲೆಕ್ಕ ದಡದಲ್ಲಿರುವವರಿಗೆ ಗೊತ್ತಿರಬೇಕು ಎಂಬುದರಲ್ಲಿ ಅಕ್ಕನಿಗೂ ಎರಡು ಮಾತಿರಲಿಲ್ಲ. ಆದರೆ ಇಪ್ಪತ್ತೆರಡು ವರ್ಷ ಗಡಿಯಾರದ ಮುಳ್ಳಿನಂತೆ ಓಡಿದ ಏಳು ಗಂಟೆಯ ಲಾಂಚು ಈಗ ದಿನವೂ ಅರ್ಧ ಗಂಟೆ ತಡ.

"ಏನಕ್ಕಾ, ನಿಮ್ ಪೆಟ್ಟಿಗೆಗೆ ಇವತ್ತೂ ನಿದ್ದೆ ಬಿಟ್ಟಿಲ್ವಾ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಎಲ್ಲರೂ ನಕ್ಕರು. ನಗದೆ ಕೂತಿದ್ದವನು ಬಡಗಿಯೊಬ್ಬನೇ. ಸೋಮವಾರ, ಗುರುವಾರ ಎರಡು ದಿನ ಅವನು ಕೊನೆಯ ಜೆಟ್ಟಿಯ ಆಸ್ಪತ್ರೆಗೆ ರಕ್ತ ಶುದ್ಧಿ ಮಾಡಿಸಿಕೊಳ್ಳಲು ಹೋಗುತ್ತಿದ್ದ. ಎಂಟಕ್ಕೆ ಸರಿಯಾಗಿ ಯಂತ್ರದ ಮುಂದೆ ಇರಬೇಕು. ಇಲ್ಲದಿದ್ದರೆ ಅವನ ಸರದಿ ಬೇರೆಯವರಿಗೆ. ಅವನು ಅಕ್ಕನನ್ನು ಬಯ್ಯುತ್ತಿರಲಿಲ್ಲ, ಅವಸರ ಮಾಡಿ ಎನ್ನುತ್ತಿರಲಿಲ್ಲ. ಬಾತ ಪಾದಗಳನ್ನು ಚಪ್ಪಲಿಯಿಂದ ಹೊರತೆಗೆದು ಸುಮ್ಮನೆ ನೀರು ನೋಡುತ್ತ ಕೂತಿರುತ್ತಿದ್ದ. ಬೈದಿದ್ದರೇ ವಾಸಿಯಿತ್ತು ಎಂದು ಅಕ್ಕನಿಗೆ ಅನಿಸುತ್ತಿತ್ತು.

ಅವಳು ಲ್ಯಾಪ್‌ಟಾಪನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿದಳು. ಹದಿನೇಳನೆಯ ನಿಮಿಷಕ್ಕೆ ಪಟ್ಟಿ ಹೋಯಿತು. ಆಸ್ಪತ್ರೆ ಜೆಟ್ಟಿ ಮುಟ್ಟಿದಾಗ ಎಂಟು ಗಂಟೆ ಇಪ್ಪತ್ತು ನಿಮಿಷ. ಬಡಗಿ ಓಡಲು ಹೋಗಿ, ಆಗದೆ, ಕಂಬ ಹಿಡಿದು ನಿಂತು, ಮತ್ತೆ ಓಡಿದ. ಅವತ್ತು ಅವನಿಗೆ ಯಂತ್ರ ಸಿಕ್ಕಿದ್ದು ಸಂಜೆ ನಾಲ್ಕಕ್ಕೆ.

ಮರುದಿನ ಮುಖ್ಯ ಕಚೇರಿಯಿಂದ ಕಾಗದ ಬಂತು. ಸೋಮವಾರ, ಈ ನಿಯಮ ಬರೆದ ಕಂಪ್ಯೂಟರ್ ಸಾಹೇಬರು ಖುದ್ದಾಗಿ ಲಾಂಚಿನಲ್ಲಿ ಬಂದು ಪರೀಕ್ಷಿಸುತ್ತಾರೆ. ಅಂದೂ ತಡವಾದರೆ ಏಳು ಗಂಟೆಯ ಟ್ರಿಪ್ಪು ರದ್ದು, ಇನ್ನು ಮೊದಲ ಲಾಂಚು ಒಂಬತ್ತಕ್ಕೆ. ಕೆಳಗೆ ಕಾರಣವನ್ನೂ ಬರೆದಿದ್ದರು: 'ಸಿಬ್ಬಂದಿಗೆ ಕಂಪ್ಯೂಟರ್ ಜ್ಞಾನದ ಕೊರತೆ.' ಲಾಂಚಿನಲ್ಲಿ ಸಿಬ್ಬಂದಿ ಎಂದರೆ ಹಾರ್ನಣ್ಣ, ಹಗ್ಗ ಎಸೆಯುವವನು ಮತ್ತು ಅಕ್ಕ. ಮೊದಲಿನ ಇಬ್ಬರೂ ಆ ಪೆಟ್ಟಿಗೆಯನ್ನು ಮುಟ್ಟಿದವರಲ್ಲ. ಕೊರತೆ ಯಾರದೆಂದು ಕಾಗದದಲ್ಲಿ ಹೆಸರು ಹಾಕುವ ಅಗತ್ಯವೇ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಅಕ್ಕ ಲ್ಯಾಪ್‌ಟಾಪನ್ನು ಮನೆಯ ಮಂಚದ ಮೇಲೆ ತೆರೆದಿಟ್ಟುಕೊಂಡಳು. ಕಿಟಕಿಯ ಪಕ್ಕದಲ್ಲಿ ಅವಳ ಅತ್ತೆ ಹೊಲಿಗೆ ಯಂತ್ರ ತುಳಿಯುತ್ತಿದ್ದರು. ಯಾರದೋ ಬಾಗಿಲು ಪರದೆಗೆ ಅಂಚು ಹೊಲಿಯುವ ಕೆಲಸ. ಬಟ್ಟೆ ಮೊಳಗಟ್ಟಲೆ ನೆಲದ ಮೇಲೆ ಹರಿದಿತ್ತು. "ಏನನ್ನೂ ಮುಟ್ಟಬೇಡಿ, ಸೆಟ್ಟಿಂಗ್ ಒಳಗಂತೂ ಹೋಗಲೇಬೇಡಿ" ಎಂದು ಸಾಹೇಬರು ಮೊದಲ ದಿನವೇ ಹೇಳಿದ್ದರು. ಅಕ್ಕ ನಾಲ್ಕು ತಿಂಗಳು ಆ ಮಾತನ್ನು ವ್ರತದಂತೆ ಪಾಲಿಸಿದ್ದಳು. ಇವತ್ತು ಸೆಟ್ಟಿಂಗ್ ಒಳಗೆ ಹೋದಳು. ಹೇಗೂ ಮುಳುಗುವವಳಿಗೆ ಚಳಿಯೇನು, ಮಳೆಯೇನು!

ವೈಫೈ ಎಂದಿದ್ದನ್ನು ಒತ್ತಿದಳು. ಅದರೊಳಗೆ ಇನ್ನೊಂದು ಬಾಗಿಲು: ಉಳಿಸಿಟ್ಟ ನೆಟ್‌ವರ್ಕುಗಳು. ಅದನ್ನೂ ತೆರೆದಾಗ ಪಟ್ಟಿಯೊಂದು ಹನುಮಂತನ ಬಾಲದಂತೆ ಬಿಚ್ಚಿಕೊಂಡಿತು. ಪಟ್ಟಿ ಓದುವುದು ಅಕ್ಕನಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಬೆರಳಿಟ್ಟು ಎಣಿಸಿದಳು. ಇಪ್ಪತ್ಮೂರು.

"ಅತ್ತೆ, ಇಲ್ಲಿ ನೋಡಿ. ಕ್ಷೌರದಂಗಡಿ ಇದ್ದಾನೆ. ಐಸ್ ಫ್ಯಾಕ್ಟರಿ ಇದೆ. ಔಷಧಿ ಅಂಗಡಿ, ಮಿಲ್ಲಿನ ಟೀ ಅಂಗಡಿ... ಇಡೀ ನದಿ ದಡಾನೇ ಇದರೊಳಗೆ ಬಂದು ಕೂತಿದೆ!"

"ಅವರೆಲ್ಲಾ ಹೆಂಗೆ ಬಂದರು?"

"ನಾನೇ ಕರೆದದ್ದು."

ನಿಜ. ಲಾಂಚು ನಿಂತಾಗಲೆಲ್ಲ ದಡದ ಜನಕ್ಕೆ ಅಕ್ಕನನ್ನು ನೋಡಿ ಕನಿಕರ. "ನಮ್ಮ ಅಂಗಡೀದು ಹಾಕ್ಕೊಳ್ಳಕ್ಕಾ" ಎಂದು ಒಬ್ಬೊಬ್ಬರೂ ಪಾಸ್‌ವರ್ಡ್ ಹೇಳಿದ್ದರು. ಹೇಳಿದವರನ್ನು ಬೇಡ ಎನ್ನುವುದು ಹೇಗೆ? ಪರದೆಯ ಮೂಲೆಯ ವೈಫೈ ಗುರುತನ್ನು ಒತ್ತಿ ಹಾಕಿಕೊಂಡಿದ್ದಳು; ಅದು ಸೆಟ್ಟಿಂಗ್ ಅಲ್ಲವಲ್ಲ. ಹಾಕಿಕೊಂಡಾಗಲೆಲ್ಲ 'ತಾನಾಗಿಯೇ ಸೇರು' ಎಂಬ ಕಡೆ ಗುರುತನ್ನೂ ಒತ್ತಿದ್ದಳು, ಕೊಟ್ಟವರ ಎದುರಿಗೆ ಒತ್ತದಿದ್ದರೆ ಬೇಜಾರಾದೀತೆಂದು. ಎಲ್ಲಕ್ಕಿಂತ ದೊಡ್ಡ ದಾನಿ ಹಾರ್ನಣ್ಣ. ಎರಡನೆಯ ಮತ್ತು ಮೂರನೆಯ ಜೆಟ್ಟಿಯ ನಡುವೆ ನದಿಗೆ ಮುಖ ಮಾಡಿದ ಮನೆ ಅವನದು. ಮಾಡಿಗೆ ಉದ್ದನೆಯ ಆಂಟೆನಾ ಕಟ್ಟಿಸಿ, "ನಮ್ಮನೆ ವೈಫೈ ಆಚೆ ದಡದ ಕೊಕ್ಕರೆಗೂ ಸಿಗುತ್ತೆ" ಎಂದು ಕೊಚ್ಚಿಕೊಳ್ಳುತ್ತಿದ್ದ. ಪಟ್ಟಿಯ ತುತ್ತತುದಿಯಲ್ಲಿ ಅದೇ ಇತ್ತು: 'ಹಾರ್ನ್ ಹೌಸ್'.

ಐದು ಜೆಟ್ಟಿಗಳು ಎಲ್ಲಿ? ಅಕ್ಕ ಕೆಳಗೆ ಕೆಳಗೆ ಹೋದಳು. ಸಾಹೇಬರು ಮೊದಲ ದಿನ ಹಾಕಿಕೊಟ್ಟಿದ್ದ ಆ ಐದೂ ಎಲ್ಲರ ಕಾಲಡಿಯಲ್ಲಿ, ಹತ್ತೊಂಬತ್ತರಿಂದ ಇಪ್ಪತ್ಮೂರರ ತನಕ ಮುದುರಿಕೊಂಡು ಕೂತಿದ್ದವು. ಹೊಸದಾಗಿ ಬಂದವರೆಲ್ಲ ಮೇಲೆ, ಮೊದಲು ಬಂದವರು ತಳಕ್ಕೆ.

"ಮುಂಚೆ ಬಂದ ಕಿವಿಗಿಂತ ಆಮೇಲೆ ಬಂದ ಕೋಡೇ ಹೆಚ್ಚಾಯ್ತು" ಎಂದರು ಅತ್ತೆ, ಯಂತ್ರ ನಿಲ್ಲಿಸದೆ.

ಅಕ್ಕ ಸೊಂಟದಿಂದ ಬೀಗದ ಕೈ ಗೊಂಚಲು ತೆಗೆದು ಮಂಚದ ಮೇಲಿಟ್ಟಳು. ಐದು ಜೆಟ್ಟಿಗಳ ಟಿಕೆಟ್ ಗೂಡುಗಳ ಕೀಲಿಗಳು; ಒಂದೊಂದಕ್ಕೂ ಅತ್ತೆ ಬೇರೆ ಬೇರೆ ಬಣ್ಣದ ದಾರ ಸುತ್ತಿಕೊಟ್ಟಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಅವಳು ಒಮ್ಮೆಯೂ ತಪ್ಪು ಕೀಲಿ ತೂರಿಸಿದವಳಲ್ಲ, ಯಾಕೆಂದರೆ ಗೊಂಚಲಿನಲ್ಲಿ ಆರನೆಯದಿರಲಿಲ್ಲ. ಈ ಪೆಟ್ಟಿಗೆಯ ಕೈಗೆ ಅವಳು ಇಪ್ಪತ್ಮೂರು ಕೊಟ್ಟಿದ್ದಳು. ಅದು ಮೇಲಿನಿಂದ ನೋಡುತ್ತ ಬಂದು ಯಾವುದು ಮೊದಲು ಸಿಕ್ಕಿತೋ ಅದನ್ನು ಹಿಡಿಯುತ್ತಿತ್ತು, ಹಿಡಿದದ್ದನ್ನು ಬಿಡುತ್ತಿರಲಿಲ್ಲ. ನದಿ ಮಧ್ಯದಲ್ಲಿ ಹಾರ್ನಣ್ಣನ ಮನೆ ಸಿಕ್ಕರೆ, ಶಾಲೆ ಜೆಟ್ಟಿ ಮೂಗಿನ ಮುಂದೆ ಬಂದರೂ ಆ ಮನೆಯ ಕ್ಷೀಣ ಎಳೆಗೇ ಜೋತುಬಿದ್ದಿರುತ್ತಿತ್ತು.

"ಅಯ್ಯೋ, ತಪ್ಪು ಇದರದ್ದಲ್ಲ ಅತ್ತೆ! ನನ್ನದೇ!" ಎಂದಳು ಅಕ್ಕ. ಹೇಳಿದ ದನಿಯಲ್ಲಿ ದುಃಖ ಇರಲಿಲ್ಲ. ಕಳೆದುಹೋದ ಒಡವೆ ಸಿಕ್ಕಿದವಳ ಸಂಭ್ರಮವಿತ್ತು.

"ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇಲ್ಲ ಅಂತ ಸುಮ್ನೆ ಹೇಳ್ತಾರಾ? ಕಿತ್ತುಹಾಕು ಎಲ್ಲಾನೂ."

ಪ್ರತಿ ಹೆಸರಿನ ಮುಂದೆಯೂ 'ಮರೆತುಬಿಡು' ಎಂಬ ಗುಂಡಿಯಿತ್ತು. ಕ್ಷೌರದಂಗಡಿಯನ್ನು ಮರೆತಳು. ಐಸ್ ಫ್ಯಾಕ್ಟರಿಯನ್ನು ಮರೆತಳು. ಒಂದೊಂದನ್ನು ಒತ್ತುವ ಮುಂಚೆಯೂ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು, ಉಪಕಾರ ಮಾಡಿದವರನ್ನು ಪೆಟ್ಟಿಗೆ ಮರೆಯಲಿ, ತಾನು ಮರೆಯಬಾರದು ಎಂದು. ಹದಿನೇಳು ಆಗಿ 'ಹಾರ್ನ್ ಹೌಸ್' ಒಂದೇ ಉಳಿದಾಗ ಬೆರಳು ನಿಂತಿತು. ಇಪ್ಪತ್ತೆರಡು ವರ್ಷ ಅಣ್ಣನಂತೆ ಇದ್ದ ಮನುಷ್ಯ. ಅವನ ಮನೆಯ ಬಾಗಿಲನ್ನು ಅವನಿಗೆ ಹೇಳದೆ ಮುಚ್ಚುವುದು ಹೇಗೆ? ಬಡಗಿಯ ಬಾತ ಪಾದಗಳು ಕಣ್ಣ ಮುಂದೆ ಬಂದವು. ಒತ್ತಿದಳು.

ಉಳಿದ ಐದು ಜೆಟ್ಟಿಗಳನ್ನು ಲಾಂಚು ಮುಟ್ಟುವ ಕ್ರಮದಲ್ಲೇ ಒಂದರ ಕೆಳಗೊಂದು ಜೋಡಿಸಿ, ಗೂಡಿನ ಗೋಡೆಗೆ ಅಂಟಿಸಿದ್ದ ಚೀಟಿಯಿಂದ ಇಳಿಸಿಕೊಂಡು ಬಂದಿದ್ದ ಪಾಸ್‌ವರ್ಡುಗಳನ್ನು ಒಂದೊಂದಾಗಿ ತಾಳೆ ನೋಡಿದಳು. ನಾಲ್ಕನೆಯ ಜೆಟ್ಟಿಯ ಪಾಸ್‌ವರ್ಡಿನಲ್ಲಿ ಒಂದು ಅಂಕಿ ತಪ್ಪಾಗಿತ್ತು; ಅಲ್ಲಿ ಪಟ್ಟಿ ಇಷ್ಟು ದಿನ ಹೇಗೋ ಟೀ ಅಂಗಡಿಯ ವೈಫೈ ಹಿಡಿದು ಹೋಗುತ್ತಿತ್ತು. ತಪ್ಪು ಅಂಕಿ ಹಾಕಿದ್ದವರು ಸಾಹೇಬರು. ಅಕ್ಕ ಅದನ್ನು ತಿದ್ದಿ, ಮೊದಲ ಸಲ ಆ ಮಧ್ಯಾಹ್ನ ಬಾಯಿತುಂಬ ನಕ್ಕಳು.

ಸೋಮವಾರ ಬೆಳಿಗ್ಗೆ, ಮೊದಲನೆಯದಾದ ಇಟ್ಟಿಗೆ ಜೆಟ್ಟಿಯಲ್ಲಿ ಸಾಹೇಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಗಡಿಯಾರ ನೋಡುತ್ತ ಹತ್ತಿದರು. ಅಕ್ಕ ಮೊದಲು ಏಣಿಯೇರಿ ಚುಕ್ಕಾಣಿ ಕೋಣೆಗೆ ಹೋದಳು.

"ಅಣ್ಣಾ, ಒಂದು ಮಾತು. ಲ್ಯಾಪ್‌ಟಾಪಿಂದ ನಿಮ್ಮನೇದನ್ನ ತೆಗೆದುಬಿಟ್ಟೆ."

"ತೆಗೆದೆ ಅಂದ್ರೆ?"

"ಮರೆತುಬಿಡು ಅಂತ ಒತ್ತಿದೆ."

ಹಾರ್ನಣ್ಣ ಅವಳ ಮುಖವನ್ನೇ ನೋಡಿದ. "ನಮ್ಮನೆ ಉಪ್ಪು ತಿಂದವಳು..." ಎಂದು ಶುರು ಮಾಡಿ ನಿಲ್ಲಿಸಿದ. "ಆಯ್ತು ಬಿಡಮ್ಮ. ದೊಡ್ಡವಳಾದೆ" ಎಂದ.

ಅವತ್ತು ಲಾಂಚು ಹಾರ್ನ್ ಇಲ್ಲದೆ ಹೊರಟಿತು. ಕೊಕ್ಕರೆಗೂ ಹಾರ್ನ್, ಮೋಡಕ್ಕೂ ಹಾರ್ನ್ ಹೊಡೆಯುವ ಮನುಷ್ಯ ಬಾಯಿಗೆ ಬೀಗ ಹಾಕಿಕೊಂಡಿದ್ದನ್ನು ನೋಡಿ ಪ್ರಯಾಣಿಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲೆರಡು ಜೆಟ್ಟಿಗಳಲ್ಲಿ ಪಟ್ಟಿ ಬೇಗನೆ ಹೋಯಿತು. ಅದೇನು ದೊಡ್ಡದಲ್ಲ, ಅಲ್ಲಿ ಯಾವತ್ತೂ ಅಷ್ಟು ತೊಂದರೆಯಿರಲಿಲ್ಲ. "ಗಂಡಾಂತರ ಇರೋದು ಮೂರನೇದ್ರಲ್ಲಿ, ಅಲ್ವಾ?" ಎಂದು ಸಾಹೇಬರು ಡೈರಿ ತೆರೆದರು.

ಹಾರ್ನಣ್ಣನ ಮನೆ ಬಂತು. ಅವನ ಹೆಂಡತಿ ಎಂದಿನಂತೆ ಬಟ್ಟೆ ಒಣಹಾಕುತ್ತ ಕೈಬೀಸಿದಳು. ಅಕ್ಕ ಲ್ಯಾಪ್‌ಟಾಪಿನತ್ತ ಬಗ್ಗಿದಳು. ಪರದೆಯ ಮೂಲೆಯಲ್ಲಿ 'ಸಂಪರ್ಕ ಇಲ್ಲ' ಎಂದಿತ್ತು. ಮನೆ ಹಿಂದೆ ಸರಿಯಿತು, ಆಂಟೆನಾ ಹಿಂದೆ ಸರಿಯಿತು. ಪೆಟ್ಟಿಗೆ ಯಾರ ಸೆರಗನ್ನೂ ಹಿಡಿಯಲಿಲ್ಲ. ಶಾಲೆಯ ಹಂಚಿನ ಮಾಡು ಕಂಡಿತು. ಲಾಂಚು ಇನ್ನೂ ಜೆಟ್ಟಿಯ ಟೈರುಗಳಿಗೆ ತಾಗುವ ಮುಂಚೆಯೇ ಮೂಲೆಯಲ್ಲಿ ಅಕ್ಷರ ಬದಲಾಯಿತು: 'ಶಾಲೆ ಜೆಟ್ಟಿ'.

ಮಕ್ಕಳು ಇಳಿದರು. ಅಕ್ಕ ಗುರುತು ಹಾಕಿ ಒತ್ತಿದಳು. ಚುಕ್ಕೆಗಳು ಒಂದೇ ಸುತ್ತು ಸುತ್ತಿ ಮಾಯವಾದವು.

"ತಲುಪಿತು!" ಎಂದು ಅಕ್ಕ ಕಿರುಚಿದಳು. "ಅಣ್ಣಾ, ತಲುಪ್ತು! ಬಿಚ್ಚಿಸಿ ಹಗ್ಗ!"

ಮೇಲಿನಿಂದ ಹಾರ್ನ್ ಮೊಳಗಿತು. ಶಾಲೆಯ ಗೇಟಿನಲ್ಲಿದ್ದ ಮಕ್ಕಳು ಹಿಂತಿರುಗಿ ನೋಡಿ ಕೇಕೆ ಹಾಕುವಷ್ಟು ಉದ್ದಕ್ಕೆ, ಬೆಳಗಿನಿಂದ ಹೊಡೆಯದೆ ಉಳಿಸಿದ ಬಾಕಿಯನ್ನೂ ಸೇರಿಸಿ ಹೊಡೆದ ಹಾಗೆ. "ನಮ್ಮನೇದೇ ಅಡ್ಡ ಇತ್ತು ಅಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತೇ ನಿನಗೆ?" ಎಂದು ಹಾರ್ನಣ್ಣ ಅದರ ನಡುವೆಯೇ ಕೂಗಿದ. ಅಕ್ಕನ ಕಣ್ಣಲ್ಲಿ ನೀರು ಬಂತು, ನಗುವೂ ಬಂತು.

ನಾಲ್ಕನೆಯದು ಮಿಲ್ ಜೆಟ್ಟಿ. ಲಾಂಚಿನ ತಡದಿಂದ ಬಾಳು ಕಂಡ ಟೀ ಅಂಗಡಿ ಅಲ್ಲಿತ್ತು. ನಾಲ್ಕು ತಿಂಗಳಲ್ಲಿ ಹೊಸ ಬೆಂಚು, ಹೊಸ ತಗಡು ಎಲ್ಲ ಬಂದಿದ್ದವು. ಸಾಹೇಬರು ಎದ್ದು ನಿಂತರು.

"ಸಾರ್, ಎರಡೇ ನಿಮಿಷ ಇರೋದು" ಎಂದಳು ಅಕ್ಕ.

"ಗೊತ್ತಮ್ಮ ನಿಮ್ಮ ಎರಡು ನಿಮಿಷ. ಈ ಜೆಟ್ಟೀದು ಯಾವತ್ತು ಹತ್ತು ನಿಮಿಷದೊಳಗೆ ಹೋಗಿದೆ?" ಎಂದು ನಗುತ್ತ ಇಳಿದರು.

ಇಳಿದವರನ್ನು ಇಳಿದರೆಂದೇ ಗುರುತು ಹಾಕಬೇಕು. ಅಕ್ಕ ಹಾಕಿದಳು. ಲಾಂಚಿನಲ್ಲಿರುವವರ ಲೆಕ್ಕ ಅರವತ್ತೆರಡರಿಂದ ಅರವತ್ತೊಂದಾಯಿತು. ಎರಡು ನಿಮಿಷ ಕಾದಳು. ಹಾರ್ನಣ್ಣ ನಿಯಮದಂತೆ ಎರಡು ಸಲ ಹಾರ್ನ್ ಹೊಡೆದ. ಸಾಹೇಬರು ಅಲ್ಲಿಂದಲೇ ಟೀ ಲೋಟ ಎತ್ತಿ ತೋರಿಸಿದರು. ಅಕ್ಕ ಒತ್ತಿದಳು. ಹಸಿರು ಅಕ್ಷರ ಬಂತು.

ಹಗ್ಗದವನು ಹಗ್ಗ ಸುತ್ತುವಾಗ ಜೆಟ್ಟಿಯ ಹಲಗೆಗಳ ಮೇಲೆ ಧಡಧಡ ಸದ್ದಾಯಿತು. ಸಾಹೇಬರು ಲೋಟದ ಸಮೇತ ಓಡಿಬರುತ್ತಿದ್ದರು. "ಏಯ್! ನಿಲ್ಸಿ! ನಾನಿನ್ನೂ ಹತ್ತಿಲ್ಲ!"

"ಪಟ್ಟಿ ಹೋಯ್ತು ಸಾರ್!" ಎಂದು ಅಕ್ಕ ಕಂಬಿ ಹಿಡಿದು ಕೂಗಿದಳು. "ಪಟ್ಟಿ ಹೋದ್ಮೇಲೆ ಯಾರನ್ನೂ ಹತ್ತಿಸೋ ಹಂಗಿಲ್ಲ, ನೀವೇ ಬರೆದಿದ್ದು!"

ಲಾಂಚು ಪೂರ್ತಿ ಒಂದೇ ಬಾಯಿಯಾಗಿ ನಕ್ಕಿತು. ಬಡಗಿಯೂ ನಕ್ಕ. ಸಾಹೇಬರು ಜೆಟ್ಟಿಯ ಅಂಚಿನಲ್ಲಿ ನಿಂತು ಮೊದಲು ಗಡಿಯಾರ ನೋಡಿಕೊಂಡರು, ಆಮೇಲೆ ಲೋಟ. ತುಸು ಹೊತ್ತಿನ ಮೇಲೆ, ದೂರದಿಂದ, ಅವರು ಉಳಿದ ಟೀ ಕುಡಿಯುವುದು ಕಾಣಿಸಿತು. ಅವರ ವರದಿಗೆ ಯಾರೂ ಕಾಯಬೇಕಿರಲಿಲ್ಲ. ಯಾವ ಪಟ್ಟಿ ಯಾವ ನಿಮಿಷಕ್ಕೆ ಬಂತೆಂಬುದು ಮುಖ್ಯ ಕಚೇರಿಯಲ್ಲಿ ತಾನಾಗಿಯೇ ಬರೆದುಕೊಂಡಿತ್ತು.

ಆಸ್ಪತ್ರೆ ಜೆಟ್ಟಿ ಮುಟ್ಟಿದಾಗ ಏಳು ಗಂಟೆ ನಲವತ್ತೊಂಬತ್ತು ನಿಮಿಷ. ಅಕ್ಕ ಕೊನೆಯ ಪಟ್ಟಿ ಕಳಿಸಿ ಲ್ಯಾಪ್‌ಟಾಪ್ ಮುಚ್ಚಿದಳು. ಎಲ್ಲರೂ ಇಳಿದ ಮೇಲೆ ಬಡಗಿ ಇಳಿದ. ಅಭ್ಯಾಸಬಲದಿಂದ ಎರಡು ಹೆಜ್ಜೆ ಓಡಿ, ಗೋಡೆಯ ಗಡಿಯಾರ ನೋಡಿ ನಿಂತ. ಜೆಟ್ಟಿಯ ಕೊನೆಯಲ್ಲಿದ್ದ ಹಳೆಯ ಬೆಂಚಿನ ಹತ್ತಿರ ಹೋಗಿ ಅಂಗೈಯಿಂದ ಒತ್ತಿದ, ಅದು ಅಲುಗಾಡಿತು. ಅವನು ಬಗ್ಗಿ, ನೆಲದಲ್ಲಿ ಬಿದ್ದಿದ್ದ ಮರದ ಚಕ್ಕೆಯೊಂದನ್ನು ಹುಡುಕಿ, ಕಾಲಿನ ಸಂದಿಗೆ ಬೆಣೆಯಾಗಿ ಸೇರಿಸಿ, ಕಲ್ಲಿನಿಂದ ಎರಡು ಪೆಟ್ಟು ಹಾಕಿದ. ಮತ್ತೆ ಒತ್ತಿ ನೋಡಿ, ಚಪ್ಪಲಿ ಬಿಟ್ಟು, ಅದರ ಮೇಲೆ ಕೂತ.