ಒಡೆದ ಕಟ್ಟ, ಉಪ್ಪಾದ ಬಾವಿ

ಕರಾವಳಿಯ ಶಿರಾಲಿಯ ಹತ್ತಿರ ಕಡಲಿಗೆ ಸೇರುವ ಒಂದು ಹಳ್ಳ. ಮೇಲಿನ ಕೇರಿಯಲ್ಲಿ ಬೇಸಾಯದವರು, ಕೆಳಗಿನ ಕೇರಿಯಲ್ಲಿ ಮೀನುಗಾರರು. ಮಳೆಗಾಲ ಮುಗಿದ ಮೇಲೆ ಮೇಲಿನವರು ಹಳ್ಳಕ್ಕೆ ಕಲ್ಲುಮಣ್ಣಿನ ಕಟ್ಟ ಹಾಕಿ ಶೇಂಗಾಕ್ಕೆ, ಹರಿವೆ ಸೊಪ್ಪಿಗೆ ನೀರು ತಿರುಗಿಸುತ್ತಿದ್ದರು. ಕೆಳಗೆ ಸಿಹಿನೀರು ಬಾರದೆ, ಕಡಲಿನ ಉಪ್ಪುನೀರು ಏರಿ ಬಾವಿಗೆ ಸೇರುತ್ತಿತ್ತು. ಸಾವಿರದ ಒಂಬೈನೂರ ಎಪ್ಪತ್ತೆಂಟರ ಬೇಸಿಗೆಯಲ್ಲಿ ಕೆಳಕೇರಿಯ ಗಂಡಸರು ತಲೆಕೆಟ್ಟು ಕಟ್ಟವನ್ನೇ ಒಡೆದು ಹಾಕಿದರು. ಒಡೆದು ಸಿಕ್ಕಿದ್ದೇನು? ಇದ್ದ ನೀರೆಲ್ಲ ಒಮ್ಮೆಲೇ ಕಡಲಿಗೆ ಹೋಯಿತು. ಮೇಲೆ ಗದ್ದೆ ಒಣಗಿತು, ಕೆಳಗೆ ಬಾವಿ ಉಪ್ಪಾಗಿಯೇ ಉಳಿಯಿತು. ಮೇಲಿನವರು ಹಟಕ್ಕೆ ಬಿದ್ದು ಮೊದಲಿಗಿಂತ ಗಟ್ಟಿ ಕಟ್ಟ ಹಾಕಿದರು.

ಎಲ್ಲರಿಗಿಂತ ಹೆಚ್ಚು ಸೋತವಳು ಕೆಳಕೇರಿಯ ಮಂಜಿ. ಗಂಡ ಸತ್ತು ಒಂಟಿಯಾದ ಅವಳು ಮೇಲಿನ ಕೇರಿಯಲ್ಲಿ ಮೀನು ಮಾರುತ್ತಿದ್ದಳು. ಬುಟ್ಟಿ ಖಾಲಿಯಾದ ಮೇಲೆ ಅಲ್ಲಿನ ಗೆಳತಿ ಗಣಪಿಯ ಜಗಲಿಯಲ್ಲಿ ಕೂತು, ಎಲೆಯಡಿಕೆಯ ಕವಳ ಹಾಕಿ, ಮನಸ್ಸಿನದ್ದೆಲ್ಲ ಹೇಳಿಕೊಳ್ಳುತ್ತಿದ್ದಳು. ಈಗ ಅಲ್ಲಿ ಅವಳನ್ನು ಕಂಡರೆ ಬಾಗಿಲು ಹಾಕುತ್ತಿದ್ದರು. ಮೀನು ಪೇಟೆಯಲ್ಲಾದರೂ ಮಾರಿಹೋಗುತ್ತಿತ್ತು. ಅವಳ ಜೊತೆ ಎರಡು ಮಾತಾಡುವವರು ಮಾತ್ರ ಎಲ್ಲಿಯೂ ಸಿಗುತ್ತಿರಲಿಲ್ಲ.

ಒಂದು ದಿನ ಬಾಲವಾಡಿಯಲ್ಲಿ ಮಕ್ಕಳಿಗೆ ಕಲಿಸುವ ಮಂಗಲಾ ಅಕ್ಕೋರ ಎದುರು ಅವಳ ದುಃಖ ಒಡೆಯಿತು.

"ಬಾವಿ ಹೋದದ್ದು ಹೋತು ಅಕ್ಕೋರೆ. ಗಣಪಕ್ಕನೂ ಮುಖ ತಿರುಗಿಸ್ತದೆ."

"ನೀನೇ ಹೋಗಿ ಮಾತಾಡು ಮಂಜಿ. ದೇಶದೇಶಗಳೇ ಹಾಗೆ ಮಾಡ್ತವೆ."

"ದೇಶಕ್ಕೆ ಮಿಲಿಟ್ರಿ ಉಂಟು. ನಂಗೆ ಎಂತ ಉಂಟು? ಮೀನುಬುಟ್ಟಿ!"

"ಮಿಲಿಟ್ರಿ ಇದ್ರೂ ನೀರಿಗೆ ಮಾತೇ ಬೇಕಾತು. ಸಿಂಧೂ ನದಿ ನೀರಿಗೆ ಒಪ್ಪಂದ ಮಾಡಿ, ನಮ್ಮಿಂದ ಒಬ್ಬರು, ಪಾಕಿಸ್ತಾನದಿಂದ ಒಬ್ಬರು ಅಧಿಕಾರಿ. ಕೂತು ಮಾತಾಡೂದೇ ಅವರ ಕೆಲಸ. ಯುದ್ಧ ಆದ್ರೂ ಆ ಒಪ್ಪಂದ ಮುರೀಲಿಲ್ಲ. ಗಂಗೆ ಕತೆಯಂತೂ ನಮ್ಮ ಹಳ್ಳದ್ದೇ. ಮೇಲೆ ಫರಕ್ಕಾದಲ್ಲಿ ನಮ್ಮವರು ದೊಡ್ಡ ಕಟ್ಟ ಹಾಕಿ ನೀರು ತಿರುಗಿಸಿದ್ರು. ಕೆಳಗೆ ಬಾಂಗ್ಲಾದೇಶದವರು, ಬೇಸಿಗೇಲಿ ನಮ್ಮ ನದಿ ಉಪ್ಪಾತು ಅಂದ್ರು. ಹೋದ ವರ್ಷ ಒಪ್ಪಂದ ಆತು. ನೀರು ಕಡಿಮೆ ಇರೂ ತಿಂಗಳಲ್ಲಿ ಯಾರಿಗೆ ಎಷ್ಟು ಅಂತ ಮೊದಲೇ ನಿಗದಿ. ಎರಡೂ ಕಡೆಯವರು ಜೊತೆಗೇ ನಿಂತು ಅಳೀತಾರೆ."

"ಹಾಗಾದ್ರೆ ಜಗಳ ಮುಗೀತಾ?"

"ಪೂರ್ತಿ ಎಲ್ಲಿ ಮುಗೀತದೆ? ಆದ್ರೆ ಮಾತು ಬಿಡ್ಲಿಲ್ಲ."

ಮಂಜಿಗೆ ಅರ್ಧ ನಂಬಿಕೆ, ಅರ್ಧ ಹೆದರಿಕೆ. ಮರುದಿನ ಮೀನು ಹೊರಲಿಲ್ಲ. ಚೊಂಬಿನಲ್ಲಿ ಬಾವಿನೀರು ಹಿಡಿದು ಮೇಲಿನ ಕೇರಿಗೆ ನಡೆದಳು. ಗಣಪಿ ಬಾಗಿಲನ್ನು ಅರ್ಧವಷ್ಟೇ ತೆರೆದಳು.

"ಎಂತ ಬೇಕು?"

"ಒಂದು ಗುಟುಕು ಕುಡಿ ಗಣಪಕ್ಕ. ಮತ್ತೆ ಬೇಕಾದ್ರೆ ಬಯ್ಯಿ."

ಗಣಪಿ ಬಾಯಿಗೆ ಹಾಕಿದ ನೀರನ್ನು ಅಂಗಳಕ್ಕೆ ಉಗುಳಿದಳು. "ಅಯ್ಯೋ ಮಾರಾಯ್ತಿ! ಇದನ್ನ ಕುಡೀತ್ರಾ ನೀವು?" ಎಂದವಳು ಮಂಜಿಯ ಕೈ ಹಿಡಿದು ಗದ್ದೆಗೆ ಎಳೆದೊಯ್ದಳು. ಹರಿವೆಯ ಮಡಿಗಳೆಲ್ಲ ಸುಟ್ಟಂತೆ ಒಣಗಿದ್ದವು. "ನಿಮ್ಮವರು ಮಾಡಿದ್ದು ನೋಡು." ಮಂಜಿಗೆ ಅಳು ಬಂತು. ಗಣಪಿಯೂ ಅತ್ತಳು.

ಆಮೇಲೆ ಇಬ್ಬರೂ ತಮ್ಮ ತಮ್ಮ ಕೇರಿಯ ಗಂಡಸರ ಬೆನ್ನು ಬಿದ್ದರು. ಬೈಸಿಕೊಂಡರು, ನಗೆಪಾಟಲಾದರು, ಬಿಡಲಿಲ್ಲ. ಕೊನೆಗೆ ಹೀಗೆ ಒಪ್ಪಂದವಾಯಿತು: ಹಗಲಿನ ನೀರು ಗದ್ದೆಗೆ, ಸಂಜೆ ಕಟ್ಟದ ಬಾಯಿ ಬಿಡಿಸಿ ಕೆಳಗಿನ ಹಳ್ಳಕ್ಕೆ. ದಿನಾ ನೋಡಿಕೊಳ್ಳಲು ಮೇಲಿನಿಂದ ಗಣಪಿ, ಕೆಳಗಿನಿಂದ ಮಂಜಿ. ಬಾವಿಯ ಉಪ್ಪು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಎಷ್ಟೋ ಗಂಡಸರು ಆ ಬೇಸಿಗೆಯಿಡೀ ಮುಖ ಕೊಟ್ಟು ಮಾತಾಡಲಿಲ್ಲ. ಆದರೂ ಸಂಜೆಯಾದರೆ ಮಂಜಿಗೆ ಹೋಗಲು ಒಂದು ಕಡೆ ಇತ್ತು, ಕಾಯುವ ಒಬ್ಬಳು ಇದ್ದಳು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಹಳ್ಳದ ಆಚೆಯವರ ಜೊತೆ ನೀವು ಮಾತಾಡಿ ಎಷ್ಟು ಕಾಲವಾಯಿತು? ನೀರು ಕಡಿಮೆಯಾಗುವ ಮೊದಲೇ ಕೂತು ಹಂಚಿಕೊಳ್ಳಿ, ಜೊತೆಗೆ ನಿಂತು ಅಳೆಯಿರಿ. ಕಟ್ಟ ಒಡೆಯಲು ಊರೇ ಹೊರಡುತ್ತದೆ. ಮಾತಾಡಲು ಮೊದಲು ಹೋಗುವವರು ಒಬ್ಬರೇ ಹೋಗಬೇಕಾಗುತ್ತದೆ. ಆ ಒಬ್ಬರು ನೀವಾಗಿ.